ಖಾಲಿ ಬಿದ್ದ ಬಹುಮಹಡಿ ಸರ್ಕಾರಿ ವಸತಿ: ಕೆಡವುವ ಮೊದಲು ಲಿಫ್ಟಿನ ಲೆಕ್ಕ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಸರ್ಕಾರ ಬಡವರಿಗೆಂದು ಕಟ್ಟಿಸಿದ, ಆಮೇಲೆ ಖಾಲಿ ಬಿದ್ದ ಎತ್ತರದ ಕಟ್ಟಡಗಳನ್ನು ಕೆಡವಬೇಕೋ, ರಿಪೇರಿ ಮಾಡಿ ಬಳಸಬೇಕೋ? ಜೊತೆಗೆ ಅಮೆರಿಕದಲ್ಲಿ ಕಟ್ಟಿ, ಆಮೇಲೆ ಕೆಡವಿಹಾಕಿದ ಪ್ರೂಟ್-ಐಗೋ ಅನ್ನುವ ಸರ್ಕಾರಿ ವಸತಿಯ ಹೆಸರು ಎತ್ತಿ, ಬಹುಮಹಡಿ ಕಟ್ಟಡ ಬಡವರಿಗೆ ಆಗಿಬರುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗಿಹೋಯಿತಲ್ವಾ ಅಂತಲೂ ಕೇಳಿದ್ದೀರಿ.

ನಾನು ಸಿವಿಲ್ ಎಂಜಿನಿಯರ್. ಹಳೇ ಕಾಂಕ್ರೀಟ್ ಕಟ್ಟಡಗಳ ತಪಾಸಣೆ ನನ್ನ ಕೆಲಸ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಲ ಉಳಿಸಿಕೊಳ್ಳುವುದೇ ಸರಿ. ಕೆಡವಲೇಬೇಕಾದ ಕಟ್ಟಡಗಳೂ ಇವೆ, ಅದಕ್ಕೂ ಬರುತ್ತೇನೆ. ಆದರೆ ಮೊದಲು ಕೇಳಬೇಕಾದ್ದು, ಅದು ಖಾಲಿಯಾಗಿದ್ದು ಯಾಕೆ ಅಂತ. ಕಟ್ಟಡ ತಾನಾಗಿ ಖಾಲಿಯಾಗುವುದಿಲ್ಲ. ಲಿಫ್ಟ್ ಕೆಟ್ಟು ನಿಂತಿರುತ್ತದೆ, ಮೇಲಿನ ಮಹಡಿಗೆ ನೀರು ಹತ್ತುತ್ತಿರುವುದಿಲ್ಲ, ಸುತ್ತಮುತ್ತಲ ಫ್ಯಾಕ್ಟರಿ ಮುಚ್ಚಿರುತ್ತದೆ, ಇಲ್ಲಾ ಜಾಗಕ್ಕೆ ಬೆಲೆ ಬಂದಿರುತ್ತದೆ. ಆ ಕಾರಣ ಹಾಗೇ ಉಳಿದರೆ ಹೊಸದು ಕಟ್ಟಿದರೂ ಅದೇ ಗತಿ.

ಪ್ರೂಟ್-ಐಗೋ ವಿಷಯಕ್ಕೇ ಬರೋಣ. ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ಮಧ್ಯದಲ್ಲಿ ಕಟ್ಟಿ ಮುಗಿಸಿದ್ದು. 11 ಅಂತಸ್ತಿನ 33 ಕಟ್ಟಡ, ಒಟ್ಟು 2,870 ಮನೆ. ವಿನ್ಯಾಸ ಮಿನೋರು ಯಮಾಸಾಕಿ ಅವರದು. ಆಮೇಲೆ ನ್ಯೂಯಾರ್ಕಿನ ಅವಳಿ ಗೋಪುರ ಮಾಡಿದ್ದೂ ಅವರೇ (ಪಾಪ, ಅವರ ಹೆಸರು ನೆನಪಿಗೆ ಬರುವುದೇ ಬಿದ್ದುಹೋದ ಕಟ್ಟಡಗಳಿಂದ). 1957ರಲ್ಲಿ ನೂರಕ್ಕೆ 91 ಮನೆ ತುಂಬಿತ್ತು. ಅಂದರೆ ಎತ್ತರದ ಕಟ್ಟಡ ಅಂತ ಯಾರೂ ಹೆದರಿ ಓಡಿರಲಿಲ್ಲ. ಹಳೇ ಕೊಂಪೆಗಳಲ್ಲಿ ಇಡೀ ಸಂಸಾರ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರಿಗೆ ಮನೆಯೊಳಗೇ ನಲ್ಲಿ, ಮಕ್ಕಳಿಗೊಂದು ಕೋಣೆ ಸಿಕ್ಕಿತ್ತು. 1972ರ ಮಾರ್ಚಿನಲ್ಲಿ ಸ್ಫೋಟಕ ಇಟ್ಟು ಮೊದಲ ಕಟ್ಟಡ ಉರುಳಿಸಿದರು. ಉಳಿದವುಗಳ ಮೇಲಿನ ಮಹಡಿ ತೆಗೆದು ನಾಲ್ಕು ಅಂತಸ್ತಿಗೆ ಇಳಿಸೋಣ ಅನ್ನುವ ಯೋಚನೆಯೂ ಇತ್ತು. ಅದೂ ಆಗಲಿಲ್ಲ. 1976ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಮಧ್ಯದಲ್ಲಿ ಏನಾಯಿತು? ಅಮೆರಿಕದ 1949ರ ವಸತಿ ಕಾಯ್ದೆ ಪ್ರಕಾರ ಕಟ್ಟೋದಕ್ಕೆ ದುಡ್ಡು ಕೇಂದ್ರ ಸರ್ಕಾರದ್ದು. ನಡೆಸುವ ಖರ್ಚು ಮಾತ್ರ ಬಾಡಿಗೆಯಿಂದಲೇ ಹುಟ್ಟಬೇಕು. ಆ ಲೆಕ್ಕ ನಿಂತಿದ್ದು ಊರು ಬೆಳೆಯುತ್ತದೆ ಅನ್ನುವ ನಂಬಿಕೆಯ ಮೇಲೆ. ಊರು ಬೆಳೆಯಲೇ ಇಲ್ಲ. 1950ರಲ್ಲಿ ಎಂಟೂವರೆ ಲಕ್ಷ ಜನ ಇದ್ದ ಸೇಂಟ್ ಲೂಯಿಸ್‌ನಲ್ಲಿ 1970ಕ್ಕೆ 6.2 ಲಕ್ಷ ಉಳಿದರು. ಕೆಲಸಗಳು ಹೊರವಲಯಕ್ಕೆ ಹೋದವು, ಕೈಯಲ್ಲಿ ದುಡ್ಡಿದ್ದವರು ಹಿಂದೆಯೇ ಹೋದರು, ಅದರಲ್ಲೂ ಬಿಳಿಯರು. ಉಳಿದವರು ತೀರಾ ಬಡವರು, ಹೆಚ್ಚಿನವರು ಕಪ್ಪು ಜನ. ಬಾಡಿಗೆ ಕಡಿಮೆ ಬಂತು, ರಿಪೇರಿ ನಿಂತಿತು, ರಿಪೇರಿ ನಿಂತಿದ್ದಕ್ಕೆ ಇನ್ನಷ್ಟು ಜನ ಬಿಟ್ಟರು, ಖರ್ಚು ತೂಗಿಸೋಕೆ ಇದ್ದವರ ಮೇಲೆ ಬಾಡಿಗೆ ಏರಿಸಿದರು. 1969ರಲ್ಲಿ ಬಾಡಿಗೆದಾರರು ಬಾಡಿಗೆ ಕೊಡುವುದಿಲ್ಲ ಅಂತ ಮುಷ್ಕರವನ್ನೇ ಹೂಡಿದರು.

ಇದರಲ್ಲಿ ವಿನ್ಯಾಸದ ಪಾಲು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಲಿಫ್ಟನ್ನೇ ನೋಡಿ. ಖರ್ಚು ಉಳಿಸಲು ಅದು 1, 4, 7, 10ನೇ ಮಹಡಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಆರನೇ ಮಹಡಿಯ ಹೆಂಗಸು ಒಂದು ಕೈಯಲ್ಲಿ ದಿನಸಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಏಳರಲ್ಲಿ ಇಳಿದು, ಬಲ್ಬ್ ಒಡೆದ ಮೆಟ್ಟಿಲಲ್ಲಿ ಒಂದು ಮಹಡಿ ಕೆಳಗೆ ಬರಬೇಕು. ಜನ ಲಿಫ್ಟಿನ ಹತ್ತಿರ ಸೇರಿ ನಾಲ್ಕು ಮಾತಾಡುತ್ತಾರೆ, ನೆರೆಹೊರೆ ಬೆಳೆಯುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಆ ಮೆಟ್ಟಿಲುಗಳಲ್ಲೇ ದರೋಡೆ ಶುರುವಾಯಿತು. ಆದರೂ ಇಂಥದ್ದನ್ನು ದುಡ್ಡಿದ್ದರೆ ಸರಿ ಮಾಡಬಹುದಿತ್ತು. ಅದಕ್ಕಿಂತ ಎತ್ತರದ ಕಟ್ಟಡಗಳಲ್ಲಿ ಮುಂಬೈ, ಸಿಂಗಾಪುರದ ಜನ ಆರಾಮಾಗಿ ಇದ್ದಾರೆ, ಯಾಕೆಂದರೆ ಅಲ್ಲಿ ಲಿಫ್ಟ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿದೆ, ಆ ಕಡೆಯಿಂದ ಒಬ್ಬ ಬರುತ್ತಾನೆ. ಇನ್ನು ಕೆಡವಿದ್ದರಿಂದ ಸಿಕ್ಕಿದ್ದೇನು? ಒಂದು ಮೂಲೆಯಲ್ಲಿ ಶಾಲೆ ಬಂತು, ಮಿಕ್ಕ ಜಾಗದ ಬಹುಪಾಲು ದಶಕಗಟ್ಟಲೆ ಗಿಡಗಂಟಿ ಬೆಳೆದು ಸುಮ್ನೆ ಬಿದ್ದಿತ್ತು.

ಸರಿ, ಈಗ ನನ್ನ ಕಸುಬಿನ ಮಾತು. "ಬಿಲ್ಡಿಂಗ್ ಶಿಥಿಲವಾಗಿದೆ" ಅಂತ ಒಂದು ವರದಿ ಬಂತು ಅಂದ ತಕ್ಷಣ ನಂಬಬೇಡಿ. ನೋಡಿ ಹೇಳಿದರೋ, ಪರೀಕ್ಷೆ ಮಾಡಿ ಹೇಳಿದರೋ ಕೇಳಿ. ನಾವು ಮಾಡುವುದು ಹೀಗೆ: ಕೋರ್ ಕಟಿಂಗ್ ಮಷಿನ್ ಇಟ್ಟು ಪಿಲ್ಲರಿನಿಂದ, ಸ್ಲ್ಯಾಬಿನಿಂದ ಉದ್ದನೆಯ ಕಾಂಕ್ರೀಟ್ ತುಂಡು ತೆಗೆಯುತ್ತೇವೆ. ಎಷ್ಟು ಭಾರ ತಡೆಯುತ್ತದೆ ಅಂತ ಲ್ಯಾಬಿನಲ್ಲಿ ಒತ್ತಿ ನೋಡುವುದು ಒಂದು. ಇನ್ನೊಂದು, ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಚಿಮುಕಿಸುವುದು. ಹೈಸ್ಕೂಲ್ ಲ್ಯಾಬಿನಲ್ಲಿ ನೋಡಿರುತ್ತೀರಿ. ಚೆನ್ನಾಗಿರುವ ಕಾಂಕ್ರೀಟ್ ಗಾಢ ಗುಲಾಬಿ ಆಗುತ್ತದೆ. ವರ್ಷಗಳಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರ ಕಳೆದುಕೊಂಡ ಹೊರಪದರ ಬಣ್ಣ ತಿರುಗುವುದೇ ಇಲ್ಲ. ಆ ಬಣ್ಣವಿಲ್ಲದ ಪದರ ಕಂಬಿಯವರೆಗೆ ಮುಟ್ಟಿದೆಯೋ ಇಲ್ಲವೋ, ಅಷ್ಟೇ ನೋಡಬೇಕಾದ್ದು. ಮುಟ್ಟಿದ್ದರೆ, ಜೊತೆಗೆ ತೇವವೂ ಸೇರಿದರೆ, ಕಂಬಿಗೆ ತುಕ್ಕು ಹಿಡಿದು, ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಡೆದು ಹೊರಹಾಕುತ್ತದೆ. ಮುಟ್ಟಿಲ್ಲದಿದ್ದರೆ, ಲ್ಯಾಬಿನಲ್ಲಿ ಒತ್ತಿ ನೋಡಿದಾಗಲೂ ತಡೆದಿದ್ದರೆ, ಬಹುಮಟ್ಟಿಗೆ ಅಸ್ಥಿಪಂಜರ ಗಟ್ಟಿಯಾಗಿದೆ ಅಂತ ತಿಳಿಯಿರಿ, ಹೊರಗಿನಿಂದ ಎಷ್ಟೇ ಭೂತಬಂಗಲೆ ಥರ ಕಾಣಲಿ.

ನಾನು ನೋಡಿದ ಖಾಲಿ ಕಟ್ಟಡಗಳಲ್ಲಿ ಹೆಚ್ಚಾಗಿ ಹಾಳಾಗಿರುವುದು ತಾರಸಿ ಮತ್ತು ಪೈಪು. ಮಳೆನೀರಿನ ಪೈಪಿನ ಬಾಯಿಗೆ ಕಸ ಕಟ್ಟಿರುತ್ತದೆ, ಅಲ್ಲೇ ಒಂದು ಅರಳಿ ಗಿಡ ಬೇರು ಬಿಟ್ಟಿರುತ್ತದೆ, ಇಡೀ ಮಳೆಗಾಲ ತಾರಸಿ ಕೆರೆಯಾಗಿ ಮೇಲಿನ ಎರಡು ಮಹಡಿಯ ಸ್ಲ್ಯಾಬ್ ತಿಂದಿರುತ್ತದೆ. ಕೆಳಗಿನ ಮಹಡಿಗಳು ಗಟ್ಟಿಮುಟ್ಟಾಗಿರುತ್ತವೆ. ಕಿಟಕಿ, ವೈರು, ನಲ್ಲಿ ಇದ್ದದ್ದೆಲ್ಲ ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ. ಇದಕ್ಕೆಲ್ಲ ದುಡ್ಡು ಬೇಕು ನಿಜ, ಆದರೆ ಇದು ಕಟ್ಟಡ ಉರುಳಿಸುವ ಕಾರಣ ಅಲ್ಲ.

ಉರುಳಿಸುವ ಕಾರಣ ಹೇಗಿರುತ್ತದೆ ಅಂದರೆ, ಲಂಡನ್ನಿನ ರೋನನ್ ಪಾಯಿಂಟ್ ನೋಡಿ. 22 ಅಂತಸ್ತು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟವಾಗಿ ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿಯಿತು. ನಾಲ್ಕು ಜನ ಸತ್ತರು. ಅದಕ್ಕೆ ಪಿಲ್ಲರ್-ಬೀಮಿನ ಚೌಕಟ್ಟೇ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಗೋಡೆಗಳನ್ನು ತಂದು ಒಂದರ ಮೇಲೊಂದು ನಿಲ್ಲಿಸಿದ್ದರು, ಒಂದು ಗೋಡೆ ಹೊರಕ್ಕೆ ಹೋದರೆ ಮೇಲಿನದಕ್ಕೆ ಆಸರೆ ಇಲ್ಲ. 1986ರಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚುವಾಗ ಕೆಲವು ಸಂದುಗಳಲ್ಲಿ ಗಾರೆ ಇರಬೇಕಾದ ಕಡೆ ನ್ಯೂಸ್‌ಪೇಪರ್ ತುರುಕಿದ್ದು ಸಿಕ್ಕಿತು. ಇಂಥದ್ದನ್ನು ಉಳಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಗ್ಲಾಸ್ಗೋದ ರೆಡ್ ರೋಡ್ ಕಟ್ಟಡಗಳದ್ದು ನಡುವಿನ ಕಥೆ. 1960ರ ದಶಕದಲ್ಲಿ ಕಟ್ಟಿದ ಎಂಟು ಗೋಪುರ, ಕೆಲವು 31 ಅಂತಸ್ತಿನವು, 4,700ರಷ್ಟು ಜನಕ್ಕೆ ಅಂತ ಮಾಡಿದ್ದು. ಉಕ್ಕಿನ ಚೌಕಟ್ಟು, ಅದನ್ನು ಬೆಂಕಿಯಿಂದ ಕಾಯಲು ಹಾಕಿದ್ದು ಆಸ್ಬೆಸ್ಟಾಸ್ (ಅದರ ಧೂಳು ಶ್ವಾಸಕೋಶಕ್ಕೆ ಅಪಾಯ). ಅದನ್ನು ಮುಟ್ಟಿದರೂ ಖರ್ಚು, ಬಿಟ್ಟರೂ ಖರ್ಚು. ಅಲ್ಲಿ ಕೆಡವಿದ್ದಕ್ಕೆ ನನ್ನ ತಕರಾರು ಕಡಿಮೆ. ತಕರಾರು ಕೆಡವಿದ ರೀತಿಗೆ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯ ದಿನ ಐದು ಗೋಪುರ ಉರುಳಿಸಿ ಟಿವಿಯಲ್ಲಿ ನೇರ ತೋರಿಸುವ ಪ್ಲಾನ್ ಹಾಕಿದ್ದರು! ಜನ ಬದುಕಿದ ಮನೆ, ಪಟಾಕಿ ಅಲ್ವಲ್ಲ. ಜನ ಉಗಿದ ಮೇಲೆ ಕೈಬಿಟ್ಟರು. ಕೊನೆಗೆ 2015ರ ಅಕ್ಟೋಬರಿನಲ್ಲಿ ಉಳಿದ ಆರನ್ನೂ ಒಟ್ಟಿಗೆ ಉಡಾಯಿಸಿದಾಗ ಎರಡು ಪೂರ್ತಿ ಬೀಳದೆ ಅರ್ಧಂಬರ್ಧ ನಿಂತವು.

ಇನ್ನು ಉಳಿಸಿದವರ ಕಥೆ. ನನಗೆ ಜಾಸ್ತಿ ಇಷ್ಟವಾದದ್ದು ಫ್ರಾನ್ಸಿನ ಬೋರ್ಡೋ ನಗರದ ಗ್ರಾಂ ಪಾರ್ಕ್. 1960ರ ದಶಕದ ಮೂರು ಕಟ್ಟಡ, 530 ಮನೆ. ಕೆಡವುವ ಮಾತು ಅಲ್ಲೂ ಬಂದಿತ್ತು. ಆನ್ ಲಕಾತೊನ್ ಮತ್ತು ಜಾನ್-ಫಿಲಿಪ್ ವಾಸಾಲ್ ಅನ್ನುವ ಆರ್ಕಿಟೆಕ್ಟ್ ಜೋಡಿ ಇನ್ನಿಬ್ಬರ ಜೊತೆ ಸೇರಿ ಮಾಡಿದ್ದು ಬಹಳ ಸರಳ. ಹೊರಗೋಡೆಯ ಪುಟ್ಟ ಕಿಟಕಿ ಇರುವ ಭಾಗವನ್ನು ಕತ್ತರಿಸಿ ತೆಗೆದರು. ಆ ಜಾಗಕ್ಕೆ ನೆಲದಿಂದ ಸೂರಿನವರೆಗೆ ಸರಿಯುವ ಗಾಜಿನ ಬಾಗಿಲು. ಅದರಾಚೆ 3.8 ಮೀಟರ್ ಆಳದ ಗಾಜಿನ ಜಗಲಿ, ಬೇರೆಡೆ ತಯಾರಿಸಿ ಕ್ರೇನಿನಿಂದ ಎತ್ತಿ ಜೋಡಿಸಿದ್ದು, ತನ್ನ ಭಾರ ತಾನೇ ಹೊರುವಂಥದ್ದು. ಹಳೇ ಕಟ್ಟಡದ ಮೇಲೆ ಹೊರೆ ಬೀಳದಂತೆ ಪ್ರತಿ ಮನೆಗೂ ಒಂದು ದೊಡ್ಡ ಕೋಣೆಯಷ್ಟು ಜಾಗ ಸೇರಿತು. ಲಿಫ್ಟ್ ಹೊಸದು. ಒಂದೊಂದು ಮನೆಯ ಕೆಲಸ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಜನ ಅಲ್ಲೇ ಇದ್ದರು, ಅಡುಗೆ ಮಾಡಿಕೊಂಡು, ಧೂಳು ಒರೆಸಿಕೊಂಡು. ಬಾಡಿಗೆ ಏರಿಸಲಿಲ್ಲ. ಆ ಕೆಲಸಕ್ಕೆ 2019ರಲ್ಲಿ ಯುರೋಪಿನ ಮೀಸ್ ವಾನ್ ಡರ್ ರೋಹ್ ವಾಸ್ತುಶಿಲ್ಪ ಪ್ರಶಸ್ತಿ, ಜೋಡಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಅದು ಖಾಲಿ ಬಿದ್ದ ಕಟ್ಟಡ ಅಲ್ವಲ್ಲ, ಜನ ಇದ್ದರಲ್ಲ ಅಂತ ನೀವು ಹೇಳಬಹುದು. ಹೌದು. ಜನ ಇರುವಾಗಲೇ ರಿಪೇರಿ ಮಾಡಿದ್ದರಿಂದಲೇ ಅಷ್ಟು ಚೆನ್ನಾಗಿ ಆಯಿತು. ಪೂರ್ತಿ ಖಾಲಿಯಾದ ಮೇಲೆ ದಾರಿ ಕಡಿಮೆ, ಆದರೂ ಇದೆ. ಆಮ್‌ಸ್ಟರ್‌ಡಾಮಿನ ಕ್ಲೈಬರ್ಗ್ ಅನ್ನುವುದು 400 ಮೀಟರ್ ಉದ್ದದ, 500 ಮನೆಗಳ ಕಟ್ಟಡ. ಅದನ್ನೂ ಕೆಡವಲು ಹೊರಟಿದ್ದರು. ಕೊನೆಗೆ ಒಂದು ಗುಂಪಿಗೆ ಒಂದೇ ಒಂದು ಯೂರೋಗೆ ಮಾರಿದರು. ಆ ಗುಂಪು ಲಿಫ್ಟ್, ಓಡಾಡುವ ಪಡಸಾಲೆ, ಕಟ್ಟಡಕ್ಕೆಲ್ಲ ಬೇಕಾದ ಪೈಪು-ವೈರು ಸರಿ ಮಾಡಿ, ಒಳಗಿನ ಮನೆಗಳನ್ನು ಬರೀ ಗೋಡೆ-ನೆಲ ಇರುವ ಸ್ಥಿತಿಯಲ್ಲಿ ಕಡಿಮೆ ಬೆಲೆಗೆ ಕೊಟ್ಟಿತು. ಅಡುಗೆಮನೆ, ಬಚ್ಚಲು, ಟೈಲ್ಸು ಕೊಂಡವರ ಪಾಡು. ನಮ್ಮ ಕಡೆ ಜನ ಸೈಟು ಕೊಂಡು ಕೈಯಲ್ಲಿ ದುಡ್ಡು ಆದ ಹಾಗೆ ಮನೆ ಮುಗಿಸುತ್ತಾರಲ್ಲ, ಹಾಗೆ. ಅದಕ್ಕೂ 2017ರಲ್ಲಿ ಅದೇ ಮೀಸ್ ಪ್ರಶಸ್ತಿ ಬಂತು.

ಆದರೆ ಕಟ್ಟಡ ಉಳಿದರೆ ಎಲ್ಲ ಸರಿಹೋಯಿತು ಅಂತಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಪಾರ್ಕ್ ಹಿಲ್ ಇದೆ, 1961ರಲ್ಲಿ ಮುಗಿದದ್ದು, ಸಾವಿರದ ಹತ್ತಿರ ಮನೆ. 1998ರಲ್ಲಿ ಅದನ್ನು ಪಾರಂಪರಿಕ ಕಟ್ಟಡ ಅಂತ ಘೋಷಿಸಿ, ಕಾಂಕ್ರೀಟ್ ಚೌಕಟ್ಟು ಉಳಿಸಿಕೊಂಡು ಅದ್ಭುತವಾಗಿ ನವೀಕರಿಸಿದರು. ಫೋಟೋದಲ್ಲಿ ನೋಡಿದರೆ ಖುಷಿಯಾಗುತ್ತದೆ. ಮೊದಲು ಪೂರ್ತಿ ಪಾಲಿಕೆಯ ಬಾಡಿಗೆ ಮನೆಗಳಿದ್ದದ್ದು ಈಗ ಬಹುಪಾಲು ಮಾರಾಟದ ಮನೆ, ವಿದ್ಯಾರ್ಥಿಗಳ ವಸತಿ. ಹಳೇ ಬಾಡಿಗೆದಾರರ ಮಟ್ಟಿಗೆ ಅದನ್ನು ಕೆಡವಿದ್ದರೂ ವ್ಯತ್ಯಾಸ ಅಷ್ಟಕ್ಕಷ್ಟೇ.

ನಮ್ಮ ದೇಶದ್ದೂ ಸ್ವಲ್ಪ ಹೇಳಿಬಿಡುತ್ತೇನೆ. ಮುಂಬೈನ ಮಾಹುಲ್‌ನಲ್ಲಿ ಯೋಜನೆಗಳಿಂದ ಎತ್ತಂಗಡಿಯಾದವರಿಗೆ ಸಾವಿರಾರು ಫ್ಲಾಟ್ ಕಟ್ಟಿದರು. ಅದೂ ತೈಲ ಶುದ್ಧೀಕರಣ ಘಟಕಗಳ ಪಕ್ಕ. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಅಂತ 2015ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. ಹೋಗಲು ಜನ ಒಪ್ಪಲಿಲ್ಲ, ಎಷ್ಟೋ ಮನೆ ಖಾಲಿ ಉಳಿದವು. ಅಲ್ಲಿ ಸುಣ್ಣಬಣ್ಣ ಹೊಡೆದರೂ, ಕೆಡವಿ ಕಟ್ಟಿದರೂ ಗಾಳಿ ಅದೇ. ಬೆಂಗಳೂರಿನ ಈಜಿಪುರದ ಇ.ಡಬ್ಲ್ಯು.ಎಸ್. (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್ ಎತ್ತರದ ಕಟ್ಟಡಗಳೇನೂ ಅಲ್ಲ, ಆದರೆ ಕೆಡವಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಅದನ್ನು ನೋಡಬೇಕು. 1990ರ ದಶಕದಲ್ಲಿ ಪಾಲಿಕೆ ಕಟ್ಟಿಸಿದ್ದು. ಕಳಪೆ ಕೆಲಸ, 2007ರಲ್ಲಿ ಒಂದು ಬ್ಲಾಕ್ ಕುಸಿಯಿತು. ಆಮೇಲೆ ಉಳಿದವನ್ನೂ ಕೆಡವಿದರು. ಅದೇ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿದ್ದ ಕುಟುಂಬಗಳನ್ನು 2013ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಎಬ್ಬಿಸಿದರು. ಖಾಸಗಿ ಸಹಭಾಗಿತ್ವದಲ್ಲಿ ಒಂದು ಭಾಗ ಮನೆ, ಇನ್ನೊಂದು ಭಾಗ ವಾಣಿಜ್ಯ ಕಟ್ಟಡ ಅನ್ನುವ ಒಪ್ಪಂದ. ಎಷ್ಟೋ ಕುಟುಂಬ ವರ್ಷಗಟ್ಟಲೆ ಆ ಕಾಂಪೌಂಡಿನ ಪಕ್ಕದ ಫುಟ್‌ಪಾತ್ ಮೇಲೇ ಇದ್ದವು. ಆ ಬ್ಲಾಕುಗಳು ಇರಲಿಕ್ಕೆ ಯೋಗ್ಯವಾಗಿರಲಿಲ್ಲ, ಅದು ಒಪ್ಪುವ ಮಾತೇ. ಅಲ್ಲಿದ್ದವರಿಗೆ ಯಾವಾಗ, ಯಾವ ಮನೆ ಅನ್ನುವುದನ್ನು ಮುಗಿಸಿ ಆಮೇಲೆ ಜೆಸಿಬಿ ತರಬೇಕಿತ್ತು.

ಖರ್ಚಿನ ಬಗ್ಗೆ ಯಾರಾದರೂ "ಕೆಡವಿ ಕಟ್ಟೋದೇ ಚೀಪ್" ಅಂದರೆ ಎಸ್ಟಿಮೇಟ್ ತರಿಸಿ ಓದಿ. ಕೆಲವು ಸಲ ಅದು ನಿಜವೂ ಇರುತ್ತದೆ, ಸೂರು ತೀರಾ ಕೆಳಗಿದ್ದರೆ, ಬೆಂಕಿ ಬಿದ್ದಾಗ ಇಳಿಯಲು ಎರಡನೇ ಮೆಟ್ಟಿಲಿಗೆ ಜಾಗವೇ ಇಲ್ಲದಿದ್ದರೆ, ಭೂಕಂಪದ ಹೊಸ ನಿಯಮಕ್ಕೆ ಪಿಲ್ಲರ್ ದಪ್ಪ ಮಾಡಬೇಕಾಗಿ ಬಂದರೆ. ಆದರೆ ಬಹಳಷ್ಟು ಎಸ್ಟಿಮೇಟ್‌ಗಳಲ್ಲಿ ಅವಶೇಷ ಸಾಗಿಸುವ ಖರ್ಚು ಅರೆಬರೆ ಹಾಕಿರುತ್ತಾರೆ, ಎಬ್ಬಿಸಿದವರಿಗೆ ಕೊಡಬೇಕಾದ ಬಾಡಿಗೆ ಹಾಕಿರುವುದೇ ಇಲ್ಲ. ಒಮ್ಮೆ ಸುಟ್ಟು ಮಾಡಿದ ಸಿಮೆಂಟು, ಕಂಬಿಯನ್ನು ಪುಡಿ ಮಾಡಿ, ಮತ್ತೆ ಅಷ್ಟೇ ಸಿಮೆಂಟು ಸುಡುವ ಹೊಗೆಯ ಲೆಕ್ಕವಂತೂ ಎಲ್ಲೂ ಬರುವುದಿಲ್ಲ.

ನಿಮ್ಮೂರಲ್ಲಿ ಇಂಥ ಕಟ್ಟಡ ಒಂದಿದ್ದು ಅದರ ಬಗ್ಗೆ ಕೇಳುತ್ತಿದ್ದರೆ, ಆರ್.ಟಿ.ಐ. ಹಾಕಿ ಕೋರ್ ಟೆಸ್ಟ್ ವರದಿ ಕೇಳಿ. ಮನೆ ಹಂಚಿಕೆಯ ಪಟ್ಟಿ ಕೇಳಿ. ಕೊನೆಯ ಸಲ ಲಿಫ್ಟಿನ ಎ.ಎಂ.ಸಿ. (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ಯಾವಾಗ, ಯಾರ ದುಡ್ಡಿನಲ್ಲಿ ನವೀಕರಣವಾಯಿತು ಅಂತಲೂ ಕೇಳಿ. ಉತ್ತರ ಬಂದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಕೋರ್ ಟೆಸ್ಟಿನ ಅಂಕಿಗಳನ್ನು ನಾನು ಓದಿ ಹೇಳುತ್ತೇನೆ.