ಮಾವನ ಪೆಟ್ಟಿಗೆಗೆ ಕರೆಂಟ್ ಕೊಡುವ ಮುಂಚೆ

ಪೆಟ್ಟಿಗೆಯ ಫೋಟೊ ನೋಡಿ ನಿನ್ನೆಯೇ ಬರೆಯಲು ಕೂತಿದ್ದೆ, ಉದ್ದ ಆಗುತ್ತೆ ಅನ್ನಿಸಿ ಇವತ್ತಿಗೆ ಇಟ್ಟುಕೊಂಡೆ. ನೀವು ಕೇಳಿದ್ದು ಇಷ್ಟು: ತೀರಿಕೊಂಡ ಸೋದರಮಾವನ ನಲವತ್ತು ಚಿಲ್ಲರೆ ರೈಲು ಮಾದರಿಗಳು ನಿಮ್ಮ ಪಾಲಿಗೆ ಬಂದಿವೆ, ಓಡಿಸಿ ನೋಡಬಹುದಾ? ಮನೆಯಲ್ಲಿ ಜಾಗ ಕಮ್ಮಿ, ಇವನ್ನೆಲ್ಲ ಕೊಟ್ಟು ಚಿಕ್ಕ ಸ್ಕೇಲಿಗೆ ಹೋಗೋದಾ? ಜೊತೆಗಿರೋ ಟಿಕೆಟ್ ಕಂತೆ ಏನು ಮಾಡೋದು? ನಿಮ್ಮ ಪೋಸ್ಟಿಗೆ ಮೇಲೆ ಉತ್ತರ ಕೊಟ್ಟ ಇಬ್ಬರು ‘ಕಣ್ಣುಮುಚ್ಚಿಕೊಂಡು ಎನ್ ಸ್ಕೇಲ್ ತಗೊಳ್ಳಿ’ ಅಂದಿದ್ದಾರೆ, ಅಂದರೆ ನಿಜದ ರೈಲಿನ 160ನೇ ಒಂದು ಪಾಲಿನಷ್ಟು ಚಿಕ್ಕ ಮಾದರಿ. ನಾನು ಒಪ್ಪಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಆದರೆ ನನ್ನ ಕಣ್ಣು ನಿಂತದ್ದು ನೀವು ಕೊನೇ ಸಾಲಿನಲ್ಲಿ ಸುಮ್ಮನೆ ಕೇಳಿದ ಮಾತಿನ ಮೇಲೆ. ‘ಒಂದೊಂದರ ತಳದಲ್ಲೂ ಪೆನ್ಸಿಲ್‌ನಲ್ಲಿ ತಾರೀಕು ಗೀಚಿದ್ದಾರೆ, ಒರೆಸಿದರೆ ಹೋಗುತ್ತಾ?’ ಹೋಗುತ್ತೆ. ಅದಕ್ಕೇ ಒರೆಸಬೇಡಿ ಅನ್ನೋದು. ಅದು ಕೊಂಡ ದಿನದ ತಾರೀಕು ಅಲ್ಲ ಅಂತ ನನ್ನ ಗುಮಾನಿ. ಆ ರೈಲಿನಲ್ಲಿ ನಿಮ್ಮ ಮಾವ ಕೂತು ಹೋದ ದಿನ ಇರಬೇಕು. ಹತ್ತಿದ ರೈಲಿನ ಮಾದರಿ ಮಾತ್ರ ಕೊಳ್ಳೋ ಒಂದು ಜಾತಿ ನಮ್ಮಲ್ಲಿದೆ, ನಾನೂ ಅದೇ ಜಾತಿಯವನು, ನಾನೂ ತಳದಲ್ಲಿ ಹಾಗೇ ಬರೆದಿಡ್ತೀನಿ. ಮಾದರಿ ಮತ್ತು ಟಿಕೆಟ್ ಒಂದೇ ಪೆಟ್ಟಿಗೆಯಲ್ಲಿರೋದು ನೋಡಿದರೆ ಲೆಕ್ಕ ಕೂಡುತ್ತೆ. ಹಾಗಾಗಿ ಯಾವುದಕ್ಕೆ ಎಷ್ಟು ಬೆಲೆ ಬರುತ್ತೆ ಅಂತ ವಿಂಗಡಿಸೋದು ಆಮೇಲೆ. ಮೊದಲು ಪ್ರತಿಯೊಂದರ ತಳದ ಫೋಟೊ ತೆಗೆದು, ತಾರೀಕಿನ ಪ್ರಕಾರ ಸಾಲಾಗಿ ಇಡಿ. ಪಕ್ಕದಲ್ಲಿ ಟಿಕೆಟ್ ಹರಡಿ.

ಈಗ ಓಡಿಸೋ ವಿಷಯ. ಎಂಜಿನ್ ಕೈಗೆ ಬಂದ ತಕ್ಷಣ ಹಳಿ ಮೇಲಿಟ್ಟು ನಾಬ್ ತಿರುಗಿಸೋ ಆಸೆ ಎಲ್ಲರಿಗೂ ಆಗುತ್ತೆ. ನಾನು ಹಾಗೆ ಮಾಡಿ ಒಂದು ಕಂಟ್ರೋಲರ್ ಸುಟ್ಟುಕೊಂಡಿದ್ದೇನೆ. ಹಳೇ ಎಂಜಿನ್, ತಳದ ನಡುವೆ ಉದ್ದಕ್ಕೊಂದು ತಗಡಿನ ಪಟ್ಟಿ ಜೋತಾಡ್ತಿತ್ತು. ಏನೋ ಬಿಡಿಭಾಗ ಸಡಿಲ ಆಗಿದೆ ಅಂದುಕೊಂಡು ಒತ್ತಿ ಸರಿಮಾಡಿ, ಎರಡು ಹಳಿಯ ಮಾಮೂಲಿ ಟ್ರ್ಯಾಕ್ ಮೇಲಿಟ್ಟೆ. ಎಂಜಿನ್ ಅಲುಗಲೇ ಇಲ್ಲ, ಕಂಟ್ರೋಲರ್‌ನಿಂದ ಸುಟ್ಟ ವಾಸನೆ ಬಂತು. ಆ ಪಟ್ಟಿ ಬಿಡಿಭಾಗವಲ್ಲ, ಕರೆಂಟ್ ಎತ್ತಿಕೊಳ್ಳೋ ಸ್ಲೈಡರ್. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಓ (ನಿಜದ ರೈಲಿನ 87ನೇ ಒಂದು ಪಾಲಿನ ಅಳತೆ) ಪದ್ಧತಿಯಲ್ಲಿ ಕರೆಂಟ್ ಬರೋದು ಹಳಿಗಳ ನಡುವೆ ಸಾಲಾಗಿರೋ ಮೊಳೆತಲೆಯಂಥ ಸಣ್ಣ ಲೋಹದ ಬಿಂದುಗಳಿಂದ. ಎರಡು ಹಳಿಯೂ ಸೇರಿ ಒಂದೇ ತಂತಿ ಇದ್ದ ಹಾಗೆ. ಅದಕ್ಕೇ ಆ ಚಕ್ರಗಳಲ್ಲಿ ಎಡ-ಬಲದ ನಡುವೆ ಇನ್ಸುಲೇಶನ್ ಇರಲ್ಲ. ಎರಡು ಹಳಿಯ ಡಿಸಿ ಟ್ರ್ಯಾಕಿನಲ್ಲಿ ಒಂದು ಹಳಿ ಪಾಸಿಟಿವ್, ಇನ್ನೊಂದು ನೆಗೆಟಿವ್. ಅದರ ಮೇಲೆ ಈ ಎಂಜಿನ್ ಇಟ್ಟರೆ ನೇರ ಶಾರ್ಟ್.

ಆದ್ದರಿಂದ ಮಲ್ಟಿಮೀಟರ್ ತಗೊಳ್ಳಿ. ಒಂದು ಕಡ್ಡಿ ಎಡಚಕ್ರಕ್ಕೆ, ಇನ್ನೊಂದು ಅದೇ ಅಚ್ಚಿನ ಬಲಚಕ್ರಕ್ಕೆ ಮುಟ್ಟಿಸಿ. ಓಮ್ ಸೊನ್ನೆಯ ಹತ್ತಿರ ತೋರಿಸಿದರೆ ಎರಡು ಹಳಿಯ ಟ್ರ್ಯಾಕ್ ಮೇಲೆ ಇಡಬೇಡಿ. ಎಂಜಿನ್ನಲ್ಲಿ ಮೋಟರ್ ಮೂಲಕ ಹತ್ತಿಪ್ಪತ್ತು ಓಮ್ ಬಂದರೆ ಗಾಬರಿ ಬೇಡ, ಅದು ಶಾರ್ಟ್ ಅಲ್ಲ. ರೈಲಿನ ಡಬ್ಬಿಗಳನ್ನೂ ಹೀಗೇ ನೋಡಿ, ಎಂಜಿನ್ ಸರಿ ಇದ್ದು ಒಂದೇ ಒಂದು ಡಬ್ಬಿಯ ಚಕ್ರದಿಂದ ಇಡೀ ಲೂಪ್ ನಿಂತುಹೋಗೋದು ಎಷ್ಟೋ ಸಲ ಆಗಿದೆ.

ಪಾಸಾದ ಎಂಜಿನ್ನುಗಳನ್ನೂ ಕೂಡಲೇ 12 ವೋಲ್ಟ್‌ಗೆ ಏರಿಸಬೇಡಿ. ವರ್ಷಗಟ್ಟಲೆ ಕೂತ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತೆ. ಮೋಟರ್ ತಿರುಗಲಾರದೆ ಬಿಸಿಯಾಗಿ ಸುರುಳಿಯೇ ಸುಟ್ಟುಹೋಗುತ್ತೆ. ಹಳೇ ಗ್ರೀಸ್ ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆಯಿರಿ, ಪ್ಲಾಸ್ಟಿಕ್ಕಿಗೆ ಒಗ್ಗೋ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟೇ ಅಚ್ಚಿನ ತುದಿಗೆ ಮುಟ್ಟಿಸಿ. ಆಮೇಲೆ ಮೂರ್ನಾಲ್ಕು ವೋಲ್ಟ್, ಐದು ಸೆಕೆಂಡು, ನಿಲ್ಲಿಸಿ, ಬೆರಳಿಟ್ಟು ಬಿಸಿ ನೋಡಿ. ತುಕ್ಕು ಬಿಡಿಸೋ ಸ್ಪ್ರೇ ಹತ್ತಿರಕ್ಕೂ ತರಬೇಡಿ, ಬಣ್ಣ ಮತ್ತು ಅಕ್ಷರ ಎರಡೂ ಹೋಗಬಹುದು. ಹಳಿ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಮರಳುಕಾಗದದಿಂದ ಉಜ್ಜಿದರೆ ಆ ದಿನಕ್ಕೆ ಫಳಫಳ ಅನ್ನುತ್ತೆ, ಆದರೆ ಗೀರುಗಳಲ್ಲಿ ಕೊಳೆ ಕೂತು ಮುಂದೆ ಇನ್ನೂ ಬೇಗ ಕಪ್ಪಾಗುತ್ತೆ.

ಎರಡನೇ ಫೋಟೊದ ಕಪ್ಪು ಎಂಜಿನ್ನಿನ ಪಕ್ಕದಲ್ಲಿ ಕೂದಲೆಳೆ ಬಿರುಕು ಕಾಣ್ತಿದೆ, ತಳವೂ ಸ್ವಲ್ಪ ಬಾಗಿದೆ. ಅದು ಬಿದ್ದು ಆದದ್ದಲ್ಲ. ಹಳೇ ಕಾಲದ ಸತುವಿನ ಎರಕದಲ್ಲಿ ಚೂರು ಸೀಸ ಬೆರೆತಿದ್ದರೆ, ದಶಕಗಳಲ್ಲಿ ಲೋಹ ಒಳಗಿಂದಲೇ ಊದಿ, ಬಿರಿದು, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತೆ. ಇದಕ್ಕೆ ಮದ್ದಿಲ್ಲ. ಪಕ್ಕದ ಮಾದರಿಗೆ ಅಂಟುತ್ತೆ ಅಂತ ಕೆಲವರು ಹೆದರಿಸ್ತಾರೆ, ಅಂಟಲ್ಲ, ಆ ಎರಕದ ದೋಷ ಅದರಲ್ಲೇ ಹುಟ್ಟಿದ್ದು. ತೇವವಿಲ್ಲದ, ಹೆಚ್ಚು ಬಿಸಿ-ತಂಪು ಆಗದ ಜಾಗದಲ್ಲಿಡಿ. ಓಡಿಸಬೇಡಿ, ನೋಡೋಕೆ ಇರಲಿ. ಪೆಟ್ಟಿಗೆಯೊಳಗಿನ ಹಳದಿ ಫೋಮ್ ಮಾತ್ರ ಇವತ್ತೇ ತೆಗೆದು ಬಿಸಾಕಿ. ಹಳೇ ಫೋಮ್ ಕರಗಿ ಅಂಟಂಟಾಗಿ ಬಣ್ಣ ಹಿಡಿದುಕೊಂಡರೆ ಬಿಡಿಸೋದು ಅಸಾಧ್ಯ. ಆಸಿಡ್ ಇಲ್ಲದ ತೆಳು ಕಾಗದದಲ್ಲಿ ಸುತ್ತಿ, ಮೂಲ ರಟ್ಟಿನ ಡಬ್ಬ ಹರಿದಿದ್ದರೂ ಇಟ್ಟುಕೊಳ್ಳಿ.

ಇನ್ನು ಸ್ಕೇಲ್. ಇದು ನನಗೆ ಪ್ರೀತಿಯ ಜಗಳ. ಎಚ್‌ಓ ಅಂದರೆ 1:87, ಎನ್ ಅಂದರೆ ಸಾಮಾನ್ಯವಾಗಿ 1:160. ಜಾಗ ಕಮ್ಮಿ ಅಂದರೆ ಎನ್ ಅನ್ನೋದು ಎಕ್ಸ್‌ಪ್ರೆಸ್ ರೈಲಿನ ಮಟ್ಟಿಗೆ ನಿಜ. 24 ಮೀಟರಿನ ಇಪ್ಪತ್ತು ಡಬ್ಬಿಯ ರೈಲನ್ನು ಎಚ್‌ಓದಲ್ಲಿ ಜೋಡಿಸಿದರೆ ಎಂಜಿನ್ ಬಿಟ್ಟೇ ಐದೂವರೆ ಮೀಟರ್ ಆಗುತ್ತೆ, ಅದು ಯಾರ ಮನೆಯಲ್ಲೂ ಹಿಡಿಸಲ್ಲ. ತಿರುವಿಗೂ ಒಂದು ಅಂದಾಜಿದೆ, ಅತಿ ಉದ್ದದ ಡಬ್ಬಿಯ ಮೂರು ಪಟ್ಟಾದರೂ ತ್ರಿಜ್ಯ ಇದ್ದರೆ ನೋಡೋಕೆ ಚೆಂದ. ಅಂದರೆ ಆ ಡಬ್ಬಿಗೆ 80 ಸೆಂ.ಮೀ. ಮೀರಿದ ತ್ರಿಜ್ಯ. ಸೆಟ್‌ಗಳ ಜೊತೆ ಬರೋ 36 ಸೆಂ.ಮೀ. ತಿರುವಿನಲ್ಲಿ ಅದು ಓಡಬಹುದು, ಆದರೆ ಡಬ್ಬಿಯ ಮೂಲೆಗಳು ಹಳಿಯಿಂದ ಆಚೆ ಚಾಚಿಕೊಂಡು, ದುಂಡು ಮೇಜಿನ ಸುತ್ತ ಉದ್ದ ಬೆಂಚು ಇಟ್ಟ ಹಾಗೆ ಕಾಣುತ್ತೆ.

ಆದರೆ ಬೆಟ್ಟದ ರೈಲು ತಗೊಳ್ಳಿ, ಲೆಕ್ಕವೇ ಬೇರೆ. ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೊಗೆ ಇಳಿಯೋ ಬರ್ನಿನಾ ಮಾರ್ಗ ಮೀಟರ್ ಗೇಜ್, ಅಂದರೆ ಎರಡು ಹಳಿಯ ನಡುವೆ ಒಂದು ಮೀಟರ್. ಸುಮಾರು 61 ಕಿ.ಮೀ. ದಾರಿ, 2253 ಮೀಟರ್ ಎತ್ತರದ ನೆತ್ತಿ, ಅಲ್ಲಿಂದ ತಿರಾನೊದ 429 ಮೀಟರಿಗೆ ಹಲ್ಲುಹಳಿಯ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳೋ ನಡುವಿನ ಹಳಿ) ಸಹಾಯವಿಲ್ಲದೆ ಇಳಿಯುತ್ತೆ. ಅದರ ಅತಿ ಬಿಗಿ ತಿರುವು 45 ಮೀಟರ್ ತ್ರಿಜ್ಯದ್ದು, 87ರಿಂದ ಭಾಗಿಸಿ, 52 ಸೆಂ.ಮೀ. ಅಂದರೆ ನಿಜದ ತಿರುವನ್ನೇ ಒಂದಿಂಚೂ ಸುಳ್ಳು ಹೇಳದೆ ಮೇಜಿನ ಮೇಲೆ ಹಾಕಬಹುದು. ಅದೇ ದಾರಿಯ ಬ್ರೂಸಿಯೊ ಊರಿನ ಹತ್ತಿರ ಒಂಬತ್ತು ಕಮಾನಿನ ಸುರುಳಿ ಸೇತುವೆ ಇದೆ. ಇಳಿಯುವಾಗ ರೈಲು ಅದರ ಮೇಲೆ ಸುತ್ತು ಹೊಡೆದು, ಈಗಷ್ಟೇ ದಾಟಿದ ಸೇತುವೆಯ ಕಮಾನಿನೊಳಗಿಂದಲೇ ನುಸುಳಿ ಹೋಗುತ್ತೆ. ನಾನು ಕೊನೇ ಡಬ್ಬಿಯಲ್ಲಿದ್ದೆ. ಮುಂದಿನ ಡಬ್ಬಿಗಳು ಕಿಟಕಿಯ ಎದುರುಗಡೆ ಬಿಲ್ಲಿನಂತೆ ಬಾಗಿ ಹೋಗ್ತಿದ್ದವು, ಅವುಗಳ ಕಿಟಕಿಗಳಲ್ಲಿದ್ದವರು ನಮ್ಮ ಕಡೆ ಕೈ ಬೀಸ್ತಿದ್ದರು. ಆ ಸುರುಳಿಯ ತ್ರಿಜ್ಯ 70 ಮೀಟರ್, ಎಚ್‌ಓದಲ್ಲಿ 80 ಸೆಂ.ಮೀ. ಮಂಚದಷ್ಟು ಜಾಗ ಸಾಕು.

ಮೀಟರ್ ಗೇಜನ್ನು 1:87ರಲ್ಲಿ ಮಾಡೋವಾಗ ಎರಡು ಹಳಿಯ ನಡುವೆ 12 ಮಿ.ಮೀ. ಇರುತ್ತೆ, ಅದನ್ನು ಎಚ್‌ಓಎಂ ಅಂತಾರೆ. 762 ಮಿ.ಮೀ. ಗೇಜಿನ ಕಾಲ್ಕಾ-ಶಿಮ್ಲಾದಂಥದ್ದು ಬೇಕೆಂದರೆ ಎನ್ ಸ್ಕೇಲಿನದೇ 9 ಮಿ.ಮೀ. ಹಳಿ ನಡೆಯುತ್ತೆ, ಡಬ್ಬಿ ಮಾತ್ರ 1:87. ಬ್ರಾಡ್ ಗೇಜ್‌ನವರಿಗೆ ಒಂದು ಕಹಿ ಸುದ್ದಿ, 1676 ಮಿ.ಮೀ.ಗೆ ಸರಿಯಾಗಿ 19 ಮಿ.ಮೀ. ಮೀರಬೇಕು, ಸಿಗೋ ಹಳಿ 16.5. ಆ ಮೂರು ಮಿ.ಮೀ. ಕಡೆ ಕಣ್ಣು ಹೋಗದ ಹಾಗೆ ನೋಡಿಕೊಂಡರೆ ನೆಮ್ಮದಿ. ಬ್ರಿಟನ್ನಿನ ಓಓ ಸ್ಕೇಲಿನವರು 1:76ರ ಡಬ್ಬಿಯನ್ನು ಅದೇ 16.5ರ ಮೇಲೆ ಓಡಿಸಿಕೊಂಡು ಆರಾಮಾಗಿದ್ದಾರಲ್ಲ.

ಹಾಗಾಗಿ ಸ್ಕೇಲ್ ಆರಿಸೋಕೆ ಕೋಣೆ ಅಳೆಯೋದಕ್ಕಿಂತ ಮೊದಲು, ನಿಮಗೆ ಮತ್ತೆ ಮತ್ತೆ ನೆನಪಾಗೋ ಪ್ರಯಾಣ ಯಾವುದು ಅಂತ ಕೇಳಿಕೊಳ್ಳಿ. ನನಗೆ ಅದು ನೀಲಗಿರಿ ರೈಲು. ಮೇಟ್ಟುಪಾಳಯಂನಿಂದ ಊಟಿಗೆ 46 ಕಿ.ಮೀ., ಹತ್ತೋಕೆ ಸುಮಾರು ಐದು ಗಂಟೆ. ಕಲ್ಲಾರ್ ದಾಟಿದ ಮೇಲೆ ಹಲ್ಲುಹಳಿ ಶುರು, ಹನ್ನೆರಡೂವರೆ ಅಡಿಗೆ ಒಂದಡಿ ಏರು. ಎಂಜಿನ್ ಇರೋದು ಹಿಂದೆ, ತಳ್ಳಿಕೊಂಡು ಹತ್ತುತ್ತೆ. ಹಲ್ಲುಹಳಿ ಬರೋ ಕಡೆ ರೈಲು ನಡಿಗೆಯ ವೇಗಕ್ಕೆ ಇಳಿಯಿತು, ತಳದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡ ಸಣ್ಣ ಜಗ್ಗು, ಅಲ್ಲಿಂದ ಮುಂದೆ ಸೀಟಿನಡಿ ಒಂದೇ ಸಮ ಗರಗರ. ಡಬ್ಬಿಯ ಮುಂದಿನ ಪುಟ್ಟ ಜಗಲಿಯಲ್ಲಿ ಬ್ರೇಕ್‌ಮನ್ ಬಾವುಟ ಹಿಡಿದು ನಿಂತಿದ್ದರು, ಹಿಂದಿನ ಎಂಜಿನ್ನಿಗೆ ಮುಂದಿನ ದಾರಿಯ ಸುದ್ದಿ ಹೋಗೋದು ಆ ಬಾವುಟಗಳಿಂದ. ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸೋಕೆ ನಿಂತಾಗ ಎಲ್ಲರೂ ಇಳಿದು ಕಾಡು ನೋಡ್ತಿದ್ದರೆ, ನಾನು ಬಗ್ಗಿ ಹಳಿ ನಡುವಿನ ಹಲ್ಲುಗಳನ್ನು ಎಣಿಸ್ತಿದ್ದೆ. ಎರಡು ಸಾಲು, ಒಂದರ ಹಲ್ಲು ಇನ್ನೊಂದರ ಸಂದಿಗೆ ಬರೋ ಹಾಗೆ ಹೊಂದಿಸಿದ್ದು. ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಕಂಡುಹಿಡಿದ ಉಪಾಯ, ಎಂಜಿನ್ನಿನ ಹಲ್ಲುಚಕ್ರ ಯಾವ ಕ್ಷಣದಲ್ಲೂ ಹಿಡಿತ ಬಿಡದ ಹಾಗೆ.

ಈ ನೆನಪು ಮಾದರಿ ಓಡಿಸೋವಾಗ ಹೇಗೆ ಕೆಲಸಕ್ಕೆ ಬರುತ್ತೆ ನೋಡಿ. ಬಹಳ ಜನ ಮಾದರಿಯನ್ನು ಆಟದ ಕಾರಿನ ವೇಗದಲ್ಲಿ ಓಡಿಸ್ತಾರೆ. 1:87ರಲ್ಲಿ ಗಂಟೆಗೆ 100 ಕಿ.ಮೀ. ಅಂದರೆ ಒಂದು ಮೀಟರ್ ಹಳಿಗೆ ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು. 60 ಕಿ.ಮೀ.ಗೆ ಐದು ಸೆಕೆಂಡು. ಬೆಟ್ಟದ ರೈಲಿನ 10 ಕಿ.ಮೀ.ಗೆ ಅದೇ ಮೀಟರಿಗೆ 31 ಸೆಕೆಂಡು! ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಓಡಿಸಿ. ಹಳೇ ಮೋಟರ್ ಅಷ್ಟು ನಿಧಾನಕ್ಕೆ ಜಗ್ಗಿ ಜಗ್ಗಿ ಓಡಬಹುದು. ಡಿಸಿಸಿ ಡಿಕೋಡರ್ (ಎಂಜಿನ್ನಿನೊಳಗೆ ಕೂರೋ ಡಿಜಿಟಲ್ ನಿಯಂತ್ರಣದ ಚಿಪ್) ಹಾಕಿದರೆ ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜ್ ಇದ್ದು ವೇಗವನ್ನು ಎಂಜಿನ್ನಿನೊಳಗೇ ನಿಯಂತ್ರಿಸೋದರಿಂದ ಈ ತೊಂದರೆ ತುಂಬಾ ಕಮ್ಮಿಯಾಗುತ್ತೆ. ಆದರೆ ಮಾವನ ಎಂಜಿನ್ ಕೊಯ್ದು ಡಿಕೋಡರ್ ತುರುಕಬೇಡಿ, ಅದನ್ನು ಹೊಸದಾಗಿ ಕೊಳ್ಳೋ ಎಂಜಿನ್ನಿಗೆ ಇಟ್ಟುಕೊಳ್ಳಿ.

ಹೊಸ ಪ್ರಯಾಣ ಮಾಡೋವಾಗ ಟಿಪ್ಪಣಿ ಬರೆಯೋ ರೂಢಿ ಮಾಡಿಕೊಳ್ಳಿ, ಫೋಟೊಗಿಂತ ಹೆಚ್ಚು ಉಪಯೋಗ. ಎಂಜಿನ್ ನಂಬರ್, ಡಬ್ಬಿಗಳು ಯಾವ ಕ್ರಮದಲ್ಲಿದ್ದವು, ಎಲ್ಲಿ ಎಂಜಿನ್ ಬದಲಾಯಿತು, ಬಣ್ಣ ಎಲ್ಲಿ ಮಾಸಿತ್ತು. ವೇಗ ತಿಳಿಯೋಕೆ ಕಿಲೋಮೀಟರ್ ಕಲ್ಲು ನೋಡಿ, ಎರಡು ಕಲ್ಲಿನ ನಡುವೆ ಎಷ್ಟು ಸೆಕೆಂಡೋ ಅದರಿಂದ 3600 ಭಾಗಿಸಿ. 45 ಸೆಕೆಂಡಿದ್ದರೆ 80. ಕತ್ತಲಾದರೆ ಕಿವಿ ಸಾಕು. ಹಳಿಯ ತುಂಡು 13 ಮೀಟರಿನದಾದರೆ, 47 ಸೆಕೆಂಡಿನಲ್ಲಿ ಎಷ್ಟು ಸಲ ‘ಟಕ್-ಟಕ್’ ಬರುತ್ತೋ ಅದೇ ಗಂಟೆಯ ವೇಗ. ಡಬ್ಬಿಯ ಒಂದು ತುದಿಯ ಅಡಿಯಲ್ಲಿರೋ ಎರಡು ಅಚ್ಚು ಸೇರಿ ಒಂದು ಜೋಡಿ ಸದ್ದು ಬರುತ್ತೆ, ಜೋಡಿಯನ್ನು ಒಂದೆಂದೇ ಎಣಿಸಿ. ಈಗ ಉದ್ದಕ್ಕೂ ಬೆಸುಗೆ ಹಾಕಿದ ಹಳಿಗಳಲ್ಲಿ ಈ ಸದ್ದೇ ಇಲ್ಲ, ಹಳೇ ಶಾಖಾಮಾರ್ಗ, ಯಾರ್ಡ್‌ಗಳಲ್ಲಿ ಮಾತ್ರ ಸಿಕ್ಕೀತು.

ಟಿಕೆಟ್‌ಗಳಲ್ಲಿ ದಪ್ಪ ರಟ್ಟಿನ ಪುಟ್ಟ ಟಿಕೆಟ್‌ಗಳಿದ್ದರೆ ಚಿಂತೆಯಿಲ್ಲ. ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ ಕ್ರಮಸಂಖ್ಯೆ ಹಾಕಿ ಶುರುಮಾಡಿದ ಆ ಮಾದರಿ ಟಿಕೆಟಿನ ಶಾಯಿ ಗಟ್ಟಿ. ಬಿಸಿಯಿಂದ ಅಕ್ಷರ ಮೂಡೋ ನುಣುಪು ಥರ್ಮಲ್ ಕಾಗದದವನ್ನು ಮಾತ್ರ ಇವತ್ತೇ ಸ್ಕ್ಯಾನ್ ಮಾಡಿ. ನಾನು ನೀಟಾಗಿರಲಿ ಅಂತ ಪಿವಿಸಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿಟ್ಟಿದ್ದೆ. ಕೆಲವು ವರ್ಷ ಬಿಟ್ಟು ತೆಗೆದರೆ ಬಿಳೀ ಕಾಗದ, ತಾರೀಕಿನ ಕೊನೇ ಅಂಕಿ ಮಾತ್ರ ಮಸುಕಾಗಿ ಉಳಿದಿತ್ತು. ಆ ಪ್ಲಾಸ್ಟಿಕ್‌ನಲ್ಲಿರೋ ರಾಸಾಯನಿಕವೇ ಅಚ್ಚನ್ನು ತಿಂದುಬಿಡುತ್ತೆ. ಕಾಗದದ ಲಕೋಟೆ, ಕತ್ತಲು, ತಂಪು, ಅಷ್ಟೇ.

ಕೊನೆಗೊಂದು ಕೆಲಸ ಹೇಳ್ತೀನಿ, ಮಾಡ್ತೀರಾ? ಮೂರನೇ ಫೋಟೊದಲ್ಲಿ ಎಡಮೂಲೆಗೆ ಒಂದು ಗಿಡ್ಡ ಕೆಂಪು ಡಬ್ಬಿ ಇದೆಯಲ್ಲ, ಅದರ ಚಕ್ರಗಳ ನಡುವೆ ಅಳತೆಪಟ್ಟಿ ಇಟ್ಟು ಅಳತೆ ನೋಡಿ. ಸುಮಾರು 12 ಮಿ.ಮೀ. ಹಳಿಗೆ ಕೂರೋ ಹಾಗಿದ್ದರೆ ಅದು ಮೀಟರ್ ಗೇಜಿನದು, ಬಣ್ಣ ನೋಡಿದರೆ ಬರ್ನಿನಾ ಕಡೆಯದಿರಬೇಕು. ತಳ ತಿರುಗಿಸಿ ತಾರೀಕಿನ ಫೋಟೊ ಹಾಕಿ. ಕಂತೆಯಲ್ಲಿ ತಿರಾನೊ ಅಂತ ಬರೆದ ಟಿಕೆಟ್ ಇದೆಯಾ ಅನ್ನೋದನ್ನೂ ನೋಡಿ.