ಫಾಸ್ಟ್: ವೇಗಕ್ಕೂ ಅದೇ, ಉಪವಾಸಕ್ಕೂ ಅದೇ

ಫಾಸ್ಟ್ ಅಂದರೆ ವೇಗ ಅಲ್ವಾ, ಹಾಗಾದರೆ ಬಟ್ಟೆಯ ಮೇಲಿನ 'ಫಾಸ್ಟ್ ಕಲರ್' ಬೇಗ ಹೋಗುವ ಬಣ್ಣವೇ, ಉಪವಾಸಕ್ಕೂ ಅದೇ ಪದ ಯಾಕೆ ಎಂದು ಕೇಳಿದ್ದೀರಿ. ನನಗೆ ಬಹಳ ಇಷ್ಟವಾದ ಪದ ಇದು.

ಫಾಸ್ಟ್ ಕಲರ್ ಅಂದರೆ ಬಿಡದ ಬಣ್ಣ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಅರ್ಥವೇ ಗಟ್ಟಿ, ಭದ್ರ, ಅಲುಗಾಡದ್ದು. 'ಫಾಸ್ಟ್ ಅಸ್ಲೀಪ್' ಅಂದರೆ ಗಾಢ ನಿದ್ದೆ, 'ಹೋಲ್ಡ್ ಫಾಸ್ಟ್' ಅಂದರೆ ಗಟ್ಟಿಯಾಗಿ ಹಿಡಿದುಕೋ. ಜರ್ಮನ್ನಿನ 'ಫೆಸ್ಟ್' ಇದರದೇ ಬಳಗ, ಅದರ ಅರ್ಥ ಇಂದಿಗೂ ಗಟ್ಟಿ.

ಹಾಗಾದರೆ ವೇಗ ಎಲ್ಲಿಂದ ಬಂತು? ಗಟ್ಟಿಯಾಗಿ ಹೊಡೆ, ಬಲವಾಗಿ ಹೋರಾಡು ಎನ್ನುವಾಗಲೂ ಇದೇ ಪದ ಬಳಸುತ್ತಿದ್ದರು. ಬಲ ಹಾಕಿ ಓಡುವವನು ಬೇಗ ಓಡುತ್ತಾನೆ. ಮಧ್ಯಯುಗದ ಇಂಗ್ಲಿಷಿನಲ್ಲಿ ಆ 'ಬಲವಾಗಿ' ನಿಧಾನಕ್ಕೆ 'ಬೇಗ' ಆಯಿತು. ಹೊಸ ಅರ್ಥ ಬಂತು, ಹಳೆಯದು ಹೋಗಲಿಲ್ಲ. ನಿಮಗೆ ಗೊಂದಲವಾಗಿದ್ದು ಸಹಜ!

ಉಪವಾಸವೂ ಅದೇ ಬೇರಿನದು: ನಿಯಮವನ್ನು ಬಿಡದೆ ಹಿಡಿಯುವುದು. ರಾತ್ರಿಯಿಡೀ ಏನೂ ತಿನ್ನದೆ ಇದ್ದದ್ದನ್ನು ಬೆಳಗ್ಗೆ ಮುರಿಯುವುದು ಬ್ರೇಕ್‌ಫಾಸ್ಟ್. ಸೀಟ್‌ ಬೆಲ್ಟ್ ಕಟ್ಟಿಕೊಳ್ಳಿ ಎನ್ನುವಾಗಿನ 'ಫಾಸನ್' ಕೂಡ ಇದರ ನೆಂಟನೇ. ಅದರ ನಡುವೆ ಬರೆಯುವ 'ಟ' ಮಾತ್ರ ಉಚ್ಚಾರದಲ್ಲಿ ಬಿದ್ದುಹೋಗಿದೆ.