ಹಿಯರಿಂಗ್‌ನಲ್ಲಿ ಸುಮ್ಮನೆ ಕೂರಬೇಡ

ತಮ್ಮಾ, ಮಾಜಾಳಿಯಿಂದ ಟೊರೊಂಟೊಗೆ ಬಂದು ಆಶ್ರಯಕ್ಕೆ ಅರ್ಜಿ ಹಾಕಿದ್ದೇನೆ ಎಂದು ಬರೆದಿದ್ದೀಯಾ. ರೂಮು, ಕೆಲಸ, ಚಳಿ ಹೇಗೆ ಎಂದು ಕೇಳಿದ್ದೀಯಾ. ಫಾರ್ಮಿನಲ್ಲಿ ಕನ್ನಡ ಬರೆಯಲೋ ಕೊಂಕಣಿ ಬರೆಯಲೋ, ದುಭಾಷಿ ತಪ್ಪು ಹೇಳಿದರೆ ಆಮೇಲೆ ಕೋರ್ಟಿನಲ್ಲಿ ಸರಿ ಮಾಡಿಸಬಹುದಲ್ವಾ ಎಂದೂ ಕೇಳಿದ್ದೀಯಾ.

ರೂಮು ಹಂಚಿಕೊಂಡರೆ ಸಿಗುತ್ತದೆ. ಕೆಲಸ ವರ್ಕ್ ಪರ್ಮಿಟ್ ಬಂದ ಮೇಲೆ. ಮೊದಲು ಒಳ್ಳೆಯ ಬೂಟು ತಗೋ. ಚಳಿ ಅಭ್ಯಾಸವಾಗುತ್ತದೆ. ನಾನು ಬಂದ ಹೊಸತರಲ್ಲಿ ಸಮುದ್ರದ ಸದ್ದಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಅದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳ ಆಡುತ್ತೀಯೋ ಅದನ್ನೇ ಫಾರ್ಮಿನಲ್ಲಿ ಬರೆ. ಕೊಂಕಣಿ ಆದರೆ ಕಾರವಾರದ ಕೊಂಕಣಿ ಎಂದು ಬಿಡಿಸಿ ಬರೆ. ಮಂಗಳೂರು ಕಡೆಯ ಕೊಂಕಣಿಯವರು ಬಂದರೆ ಕಷ್ಟ. ಭಾಷೆ ಬದಲಿಸಬೇಕಾದರೆ ಹಿಯರಿಂಗ್‌ಗೆ (ಆಶ್ರಯದ ಅರ್ಜಿ ತೀರ್ಮಾನಿಸುವ ಇಮಿಗ್ರೇಶನ್ ಅಂಡ್ ರೆಫ್ಯೂಜಿ ಬೋರ್ಡಿನ ವಿಚಾರಣೆಗೆ) ಕನಿಷ್ಠ 10 ದಿನ ಮೊದಲು ಬರೆದು ತಿಳಿಸಬೇಕು. ದುಭಾಷಿಯ ಖರ್ಚು ಬೋರ್ಡಿನದೇ.

ಕೋರ್ಟನ್ನು ಮಾತ್ರ ನಂಬಿ ಕೂರಬೇಡ. ನಮ್ಮ ಮನೆಯಲ್ಲೇ ಇದ್ದ ಕುಮಟಾ ಕಡೆಯ ಹುಡುಗ ಹಾಗೆ ನಂಬಿದ್ದ. ಅವನಿಗೆ ಸಿಕ್ಕ ದುಭಾಷಿ ವಯಸ್ಸಾದವರು. ಹೊಡೆತ ಬಿದ್ದ ಮೇಲೆ ಪೊಲೀಸರ ಹತ್ತಿರ ಹೋದೆ ಎಂದು ಇವನು ಹೇಳಿದ್ದು, ಅವರ ಬಾಯಲ್ಲಿ ಮೊದಲೇ ಹೋಗಿದ್ದ ಎಂದಾಯಿತು. ತಪ್ಪು ಗೊತ್ತಾಗುವಷ್ಟು ಇಂಗ್ಲಿಷ್ ಇವನಿಗೆ ಬರುತ್ತಿತ್ತು. ಆದರೂ ಹಿರಿಯರ ಮಾತಿಗೆ ಅಡ್ಡ ಹೋಗಲಿಲ್ಲ. ನಮ್ಮನ್ನು ಬೆಳೆಸಿದ ರೀತಿ ನಿನಗೆ ಗೊತ್ತೇ ಇದೆ. ಬರೆದದ್ದಕ್ಕೂ ಹೇಳಿದ್ದಕ್ಕೂ ತಾಳೆಯಿಲ್ಲ, ನಂಬಲಾಗದು ಎಂದು ಅರ್ಜಿ ಬಿದ್ದುಹೋಯಿತು. ಬೋರ್ಡಿನ ಅಪೀಲಿನಲ್ಲೂ ಹಾಗೇ ಆಯಿತು.

ಆಮೇಲೆ ಫೆಡರಲ್ ಕೋರ್ಟ್. ಅಲ್ಲಿ ಕೇಸು ನಡೆಯಲು ಮೊದಲು ಕೋರ್ಟಿನ ಅನುಮತಿ ಬೇಕು. ಗೆದ್ದರೂ ಜಡ್ಜ್ ಆಶ್ರಯ ಕೊಡುವುದಿಲ್ಲ, ಸಾಮಾನ್ಯವಾಗಿ ತೀರ್ಪು ರದ್ದು ಮಾಡಿ ಇನ್ನೊಬ್ಬರು ಮತ್ತೆ ನೋಡಲಿ ಎಂದು ವಾಪಸ್ ಕಳಿಸುತ್ತಾರೆ. ವಕೀಲರು ಹಿಯರಿಂಗ್‌ನ ರೆಕಾರ್ಡಿಂಗ್ ತರಿಸಿದರು. ಬೇರೆಯವರಿಂದ ಅನುವಾದ ಮಾಡಿಸಿ ಅಫಿಡವಿಟ್ ಹಾಕಿದರು. ತಪ್ಪು ಎದ್ದು ಕಾಣುತ್ತಿತ್ತು. ಆದರೆ 2001ರಲ್ಲೇ ಫೆಡರಲ್ ಅಪೀಲ್ ಕೋರ್ಟ್ ಇದರ ಬಗ್ಗೆ ಹೇಳಿದೆ. ಅನುವಾದ ನಿಖರವಾಗಿ, ಬಿಡದೆ, ಪಕ್ಷಪಾತವಿಲ್ಲದೆ ನಡೆಯಬೇಕು. ಹಾಗಾಗದಿದ್ದರೆ ಅದರಿಂದಲೇ ನಷ್ಟವಾಯಿತು ಎಂದು ತೋರಿಸಬೇಕಿಲ್ಲ. ಆದರೆ ತಪ್ಪು ಗೊತ್ತಾಗಿದ್ದರೆ ಮೊದಲ ಅವಕಾಶದಲ್ಲೇ ಹೇಳಿರಬೇಕು. ಆಗಲೇ ಯಾಕೆ ಹೇಳಲಿಲ್ಲ ಎಂಬುದಕ್ಕೆ ಈ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದದ್ದು ನಾನೇ. ಸುಳ್ಳು ಹೇಳದ ಹುಡುಗ ಸುಳ್ಳುಗಾರ ಅನ್ನಿಸಿಕೊಂಡು ಹೋದನಲ್ಲ, ಆ ಸಂಕಟ ಇವತ್ತಿಗೂ ಆರಿಲ್ಲ.

ಅದಕ್ಕೇ ಹೇಳುತ್ತೇನೆ. ಒಂದು ಮಾತು ತಪ್ಪಿದರೂ ಅಲ್ಲೇ ತಡೆದು ತೀರ್ಪು ಕೊಡುವ ಬೋರ್ಡಿನ ಮೆಂಬರ್‌ಗೆ ಹೇಳು. ನಿನ್ನ ಆಕ್ಷೇಪ ರೆಕಾರ್ಡಿಂಗ್‌ನಲ್ಲಿ ಬರಲಿ. ಬ್ರೇಕ್‌ನಲ್ಲಿ ವಕೀಲರಿಗೂ ತಿಳಿಸು. ದುಭಾಷಿಗೆ ಬೇಜಾರಾದರೆ ಆಗಲಿ. ಬೋರ್ಡಿನ ಅಪೀಲಿನಲ್ಲೂ ಸೋತರೆ, ಆ ತೀರ್ಪು ಕೈಸೇರಿ 15 ದಿನದೊಳಗೆ ಫೆಡರಲ್ ಕೋರ್ಟಿಗೆ ಅರ್ಜಿ ಹೋಗಬೇಕು. ವಕೀಲರು ಇನ್ನೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ, ವಕೀಲರ ಖರ್ಚಿಗೆ ನೆರವಾಗುವ ಲೀಗಲ್ ಏಡ್ ಒಂಟಾರಿಯೊಗೆ ಫೋನ್ ಮಾಡು.